ಬಾಲ ಇವರದು, ಹೆಸರು ಅವರದು

ಎರಡು ವಿಮಾನ ಕಂಪನಿಗಳು ಒಂದಾದ ದಿನ ಹೊರಡುವ ಪ್ರಕಟಣೆಯಲ್ಲಿ ‘ಎರಡೂ ಸಂಸ್ಥೆಗಳ ಪರಂಪರೆಯನ್ನು ಗೌರವಿಸುತ್ತೇವೆ’ ಎಂಬ ಸಾಲು ತಪ್ಪದೆ ಇರುತ್ತದೆ. ಸಣ್ಣ ಕಂಪನಿಯ ನೌಕರರು ಅದನ್ನು ಓದಿದ ಕೂಡಲೇ ಹಳೆಯ ಬ್ಯಾಡ್ಜು, ಟೈ ಏನಿದೆಯೋ ಎತ್ತಿಟ್ಟುಕೊಳ್ಳುವುದು ಜಾಣತನ. ಯಾವ ಹೆಸರು ಉಳಿಯಬೇಕೆಂದು ಪ್ರಯಾಣಿಕರನ್ನು ಯಾರೂ ಕೇಳುವುದಿಲ್ಲ. ಅದನ್ನು ತೀರ್ಮಾನಿಸುವವರು ವಕೀಲರು, ಲೈಸೆನ್ಸ್ ನೋಡಿಕೊಳ್ಳುವವರು ಮತ್ತು ಪೇಂಟರ್‌ಗಳು.

ಗೌರವದ ಮಾದರಿ ಬೇಕಿದ್ದರೆ ನಮ್ಮಲ್ಲೇ ಇದೆ. 2007ರಲ್ಲಿ ಏರ್ ಇಂಡಿಯಾ, ಇಂಡಿಯನ್ (ಹಿಂದಿನ ಇಂಡಿಯನ್ ಏರ್‌ಲೈನ್ಸ್) ಒಂದಾದಾಗ ಯಾರಿಗೂ ಬೇಸರವಾಗದಿರಲೆಂದು ಕೆಂಪು ಹಂಸ ಬರೆದು, ಅದರ ಹೊಟ್ಟೆಯೊಳಗೆ ಕೋನಾರ್ಕದ ಚಕ್ರ ಕೂರಿಸಿದರು. ಚಕ್ರ ಇಂಡಿಯನ್‌ನವರ ಪರಂಪರೆಯಂತೆ. ಅವರು ಅದನ್ನು ಬಾಲಕ್ಕೆ ಹಚ್ಚಿಕೊಂಡು ಎರಡು ವರ್ಷವೂ ತುಂಬಿರಲಿಲ್ಲ! ನಿಜಕ್ಕೂ ಹಳಬನಾಗಿದ್ದ ಏರ್ ಇಂಡಿಯಾದ ಬಿಲ್ಲುಗಾರ ಅಶ್ವಮಾನವ ಹಂಸವಾಗಿ ರೂಪಾಂತರಗೊಂಡನೆಂದು ವಿವರಣೆ ಬಂತು. ಎಲ್ಲಿ ಎಂದು ಹುಡುಕಬೇಕು.

ಕಿಂಗ್‌ಫಿಷರ್‌ನದು ಇದಕ್ಕಿಂತ ಮೇಲಿನ ಕೆಲಸ. 2003ರಲ್ಲಿ ಹಾರತೊಡಗಿದ ಏರ್ ಡೆಕ್ಕನ್‌ಗೆ ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯನೇ ಮುಖ. ಕಿಂಗ್‌ಫಿಷರ್ ಕೈಗೆ ಬಂದ ಮೇಲೆ ಅದು ‘ಸಿಂಪ್ಲಿಫ್ಲೈ ಡೆಕ್ಕನ್’ ಆಗಿ, 2008ರಲ್ಲಿ ‘ಕಿಂಗ್‌ಫಿಷರ್ ರೆಡ್’ ಆಯಿತು. ಶ್ರೀಸಾಮಾನ್ಯ ಇಳಿದುಹೋದ. ಒಂದನ್ನು ಮಾತ್ರ ಕಣ್ಣಿಗೊತ್ತಿಕೊಂಡು ಉಳಿಸಿಕೊಂಡರು: ಡೆಕ್ಕನ್‌ನ ವಯಸ್ಸು. ವಿದೇಶಕ್ಕೆ ಹಾರಬೇಕಾದರೆ ದೇಶದೊಳಗೆ ಐದು ವರ್ಷ ಹಾರಿರಬೇಕು, 20 ವಿಮಾನ ಇರಬೇಕು ಎಂಬುದು ಆಗಿನ ನಿಯಮ. 2005ರಲ್ಲಿ ಹುಟ್ಟಿದ ಕಿಂಗ್‌ಫಿಷರ್‌ಗೆ ಐದು ತುಂಬಿರಲಿಲ್ಲ. ಹಾಗಾಗಿ ಕಾಗದದ ಮೇಲೆ ಕೊಂಡವರೇ ಕೊಂಡ ಕಂಪನಿಯೊಳಗೆ ವಿಲೀನವಾದರು. ಏರ್ ಡೆಕ್ಕನ್ ನಡೆಸುತ್ತಿದ್ದ ಡೆಕ್ಕನ್ ಏವಿಯೇಷನ್ ಉಳಿದು, ಅದಕ್ಕೇ ಕಿಂಗ್‌ಫಿಷರ್ ಎಂದು ನಾಮಕರಣವಾಯಿತು. 2008ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ಲಂಡನ್‌ಗೆ ವಿಮಾನ ಹಾರಿದ್ದು, ಹೆಸರು ಅಳಿಸಿಹೋದವರ ಜಾತಕಬಲದಿಂದ.

ಅಮೆರಿಕದವರದೂ ಇದೇ ಕಥೆ. 2010ರಲ್ಲಿ ಯುನೈಟೆಡ್, ಕಾಂಟಿನೆಂಟಲ್ ಸೇರಿದಾಗ ಹೆಸರು ಮೊದಲನೆಯದು, ಬಾಲದ ಮೇಲಿನ ಗೋಳ ಎರಡನೆಯದು. 2005ರಲ್ಲಿ ಅಮೆರಿಕ ವೆಸ್ಟ್‌ನವರು ಯುಎಸ್ ಏರ್‌ವೇಸ್ ಜೊತೆ ಸೇರಿ ಅದರ ಹೆಸರನ್ನೇ ಹಾಕಿಕೊಂಡರೂ, ಪೈಲಟ್, ಕಂಟ್ರೋಲರ್ ಮಾತಾಡುವ ರೇಡಿಯೋದಲ್ಲಿ ಉಳಿದದ್ದು ಅಮೆರಿಕ ವೆಸ್ಟ್‌ನ ‘ಕ್ಯಾಕ್ಟಸ್’ ಎಂಬ ಕರೆಹೆಸರು. 2009ರಲ್ಲಿ ಹಕ್ಕಿ ಬಡಿದು ಹಡ್ಸನ್ ನದಿಗಿಳಿದ, 155 ಮಂದಿಯೂ ಬದುಕುಳಿದ ವಿಮಾನ ಟಿಕೆಟ್‌ನಲ್ಲಿ ಯುಎಸ್ ಏರ್‌ವೇಸ್ 1549, ಕಂಟ್ರೋಲರ್ ಬಾಯಲ್ಲಿ ಕ್ಯಾಕ್ಟಸ್ 1549. ನ್ಯೂಯಾರ್ಕ್‌ನ ನೀರಲ್ಲಿ ತೇಲಿದ ಕಳ್ಳಿಗಿಡ ಬಹುಶಃ ಅದೊಂದೇ.

ಬಣ್ಣದ ಲೆಕ್ಕಾಚಾರ ಬೇರೆ. ಹಳೆಯ ಬಣ್ಣ ತೆಗೆದು, ಉಜ್ಜಿ, ಪ್ರೈಮರ್ ಹೊಡೆದು, ಹೊಸದು ಬಳಿದು ಒಣಗುವಷ್ಟು ದಿನ ವಿಮಾನ ನಿಂತೇ ಇರಬೇಕು, ಸಂಪಾದನೆ ಸೊನ್ನೆ. ಅದಕ್ಕೇ ದೊಡ್ಡ ತಪಾಸಣೆಯ ಸರದಿ ಬರಲೆಂದು ಕಾಯುತ್ತಾರೆ. ಅಲ್ಲಿಯವರೆಗೆ ಸತ್ತ ಕಂಪನಿ ಹಾರುತ್ತಲೇ ಇರುತ್ತದೆ. ಬಾಲದ ಲೋಗೋ ರಡ್ಡರ್ (ಬಾಲದ ಹಿಂಬದಿಯಲ್ಲಿ ಅತ್ತಿತ್ತ ತಿರುಗುವ ಭಾಗ) ಮೇಲೂ ಬಂದು ಕೂರುತ್ತದೆ. ಅಲ್ಲಿ ಪದರ ದಪ್ಪವಾದರೆ ತೂಕದ ಸಮತೋಲ ಕೆಡುತ್ತದೆ, ಬಳಿದ ಮೇಲೆ ಪರೀಕ್ಷಿಸಲೇಬೇಕು. ಅಧ್ಯಕ್ಷರು ಕೆಂಪು ಇನ್ನಷ್ಟು ಗಾಢವಾಗಲಿ ಎಂದಾಗ ಎಂಜಿನಿಯರ್ ಮುಖ ನೋಡಬೇಕು.

ಕ್ಯಾಲಿಫೋರ್ನಿಯಾದ ಪಿಎಸ್ಎ ಕಂಪನಿಯ ವಿಮಾನಗಳ ಮೂಗಿನಡಿ ಒಂದು ನಗು ಬರೆದಿರುತ್ತಿತ್ತು. ಮುಂದೆ ಯುಎಸ್ ಏರ್‌ವೇಸ್ ಎನಿಸಿಕೊಂಡ ಯುಎಸ್ ಏರ್ ಅದನ್ನು ಕೊಂಡು ನಗು ಅಳಿಸಿತು. ಆದರೆ ಅಲ್ಲಿನ ಕಾನೂನಿನಲ್ಲಿ ಟ್ರೇಡ್‌ಮಾರ್ಕನ್ನು ಸತತ ಮೂರು ವರ್ಷ ಬಳಸದಿದ್ದರೆ ಕೈಬಿಟ್ಟಂತೆಯೇ ಲೆಕ್ಕ. ಹಾಗಾಗಿ ಪಿಎಸ್ಎ, ಹಾಗೆಯೇ ಕೊಂಡಿದ್ದ ಪೀಡ್‌ಮಾಂಟ್ ಎಂಬ ಹೆಸರುಗಳನ್ನು ಬೇರೆ ಸಣ್ಣ ಅಂಗಸಂಸ್ಥೆಗಳಿಗೆ ಅಂಟಿಸಿದರು. ಇಂದಿಗೂ ಅವು ಅಮೆರಿಕನ್ ಏರ್‌ಲೈನ್ಸ್‌ನ ಪ್ರಾದೇಶಿಕ ಸೇವೆಯಾದ ಅಮೆರಿಕನ್ ಈಗಲ್ ಬಣ್ಣ ಬಳಿದುಕೊಂಡು ಹಾರುತ್ತಿವೆ. ಹೆಸರು ಜೀವಂತ, ನಗು ಇಲ್ಲ.

ಹೆಸರನ್ನು ಪೂರ್ತಿ ಬಿಸಾಕಿದವರು ಅಲಾಸ್ಕಾ ಏರ್‌ಲೈನ್ಸ್. 2016ರಲ್ಲಿ ವರ್ಜಿನ್ ಅಮೆರಿಕ ಕೊಂಡು, 2019ರ ಹೊತ್ತಿಗೆ ಬ್ರ್ಯಾಂಡ್ ಮುಗಿಸಿದರು. ಜೊತೆಗೆ ಬಂದ 2014ರ ಪರವಾನಗಿ ಒಪ್ಪಂದದಲ್ಲಿ ವರ್ಜಿನ್ ಹೆಸರಿನ ಒಡೆಯರಿಗೆ ವರ್ಷಕ್ಕೆ ಸುಮಾರು 80 ಲಕ್ಷ ಡಾಲರ್ ಕನಿಷ್ಠ ರಾಯಧನ, 2039ರವರೆಗೆ. ಬಳಸಿದರೂ ಬಿಟ್ಟರೂ ಕೊಡಲೇಬೇಕೆಂದು 2023ರಲ್ಲಿ ಲಂಡನ್ ನ್ಯಾಯಾಲಯ ಹೇಳಿತು; 2024ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಆ ದುಡ್ಡಿಗೆ ಎಷ್ಟು ಬಾಲ ಬಳಿಯಬಹುದಿತ್ತೋ ಪೇಂಟರ್‌ಗಳನ್ನೇ ಕೇಳಬೇಕು.