ಪೆನ್ಸಿಲ್ ಹಿಡಿದು ನೋಡಬೇಕಾದ ಆಟ

ಬೇಸ್‌ಬಾಲ್ ಅಂದರೆ 'ಹೊಡಿ, ಓಡು, ಅಷ್ಟೇ' ಅನ್ನುವ ಕ್ರಿಕೆಟ್ ಪ್ರಿಯರಿಗೆ ನನ್ನದೊಂದು ಸಲಹೆ: ಒಂದೇ ಒಂದು ಪಂದ್ಯದ ಸ್ಕೋರನ್ನು ನಿಮ್ಮ ಕೈಯಾರೆ ಬರೆಯಿರಿ. ಆ್ಯಪ್ ಬೇಡ, ಹಾಳೆ ಮತ್ತು ಪೆನ್ಸಿಲ್ ಸಾಕು. ಈ ಆಟದ ನೆನಪೆಲ್ಲ ಉಳಿದಿರುವುದು ಹೀಗೆ ಬರೆದಿಟ್ಟವರಿಂದ.

ಈ ಬರವಣಿಗೆಗೆ ಬುನಾದಿ ಹಾಕಿದವರೂ ಕ್ರಿಕೆಟ್‌ನವರೇ. ಹೆನ್ರಿ ಚಾಡ್ವಿಕ್ 1824ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಹುಟ್ಟಿ, ಹುಡುಗನಿದ್ದಾಗಲೇ ಬ್ರೂಕ್ಲಿನ್‌ಗೆ ಬಂದವರು. ನ್ಯೂಯಾರ್ಕಿನ ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದ ಅವರು 1856ರಲ್ಲಿ ಹೊಬೋಕನ್‌ನ ಎಲಿಸಿಯನ್ ಫೀಲ್ಡ್ಸ್‌ನಲ್ಲಿ ಬೇಸ್‌ಬಾಲ್ ನೋಡಿ ಮನಸೋತರು. ಕ್ರಿಕೆಟ್ ಸ್ಕೋರ್‌ಬುಕ್ಕಿನ ಶಿಸ್ತನ್ನು ಹೊಸ ಆಟಕ್ಕೆ ತಂದರು. ಮೂರು ಸ್ಟ್ರೈಕ್ (ಬೀಸಿ ತಪ್ಪಿದ, ಇಲ್ಲವೇ ಹೊಡೆಯಬಹುದಾಗಿದ್ದೂ ಬಿಟ್ಟ ಎಸೆತ) ಬೀಳುವ ಸ್ಟ್ರೈಕೌಟ್‌ಗೆ 'ಕೆ' (K) ಅಕ್ಷರ ಕೊಟ್ಟವರು ಅವರೇ. 'ಸ್ಟ್ರಕ್' ಅನ್ನುವ ಇಂಗ್ಲಿಷ್ ಪದದ ಕೊನೆಯಕ್ಷರ ಅದು.

ಹಾಳೆಯಲ್ಲಿ ಒಂಬತ್ತು ಬ್ಯಾಟರ್‌ಗಳಿಗೆ ಒಂಬತ್ತು ಸಾಲು, ಒಂಬತ್ತು ಇನಿಂಗ್ಸ್‌ಗೆ ಒಂಬತ್ತು ಕಾಲಂ. ಫೀಲ್ಡರ್‌ಗಳಿಗೆ ಸಂಖ್ಯೆ: ಪಿಚ್ಚರ್ 1, ಕ್ಯಾಚರ್ 2, ಒಂದು, ಎರಡು, ಮೂರನೇ ಬೇಸ್‌ನವರು ಕ್ರಮವಾಗಿ 3, 4, 5, ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಎಡ, ನಡು, ಬಲ ಔಟ್‌ಫೀಲ್ಡ್ 7, 8, 9. ಇದು ನಿಲ್ಲುವ ಜಾಗದ ಸಂಖ್ಯೆ, ಅಂಗಿಯ ಮೇಲಿನದಲ್ಲ. ಹೊಸಬರು ಮೊದಲು ಎಡವುವುದೇ ಇಲ್ಲಿ.

ಮೊದಲ ಬೇಸ್‌ನಲ್ಲಿ ಓಟಗಾರನಿದ್ದಾನೆ ಅಂದುಕೊಳ್ಳಿ, ಯಾರೂ ಔಟಾಗಿಲ್ಲ. ಬ್ಯಾಟರ್ ನೆಲಕ್ಕೆ ಹೊಡೆದ ಚೆಂಡು ಶಾರ್ಟ್‌ಸ್ಟಾಪ್ ಕೈಸೇರಿ, ಅಲ್ಲಿಂದ ಎರಡನೇ ಬೇಸ್‌ಗೆ, ಅಲ್ಲಿಂದ ಮೊದಲನೇ ಬೇಸ್‌ಗೆ ಹಾರಿತು. ಇಬ್ಬರೂ ಔಟ್. ಬ್ಯಾಟರ್‌ನ ಚೌಕದಲ್ಲಿ 6-4-3 ಅಂತ ಬರೆದು, ಇದು ಎರಡನೇ ಔಟ್ ಅನ್ನಲು ಮೂಲೆಯಲ್ಲಿ 2 ಹಾಕಿ ಸುತ್ತು ಎಳೆಯಿರಿ. ಓಟಗಾರನ ಚೌಕಕ್ಕೆ ಹಿಂದಿರುಗಿ, ಅವನ ಓಟ ತೋರಿಸಲು ಎರಡನೇ ಬೇಸ್‌ನತ್ತ ಎಳೆದ ಗೆರೆಯನ್ನು ಅಡ್ಡಗೀಟಿನಿಂದ ತುಂಡು ಮಾಡಿ, 6-4 ಬರೆದು, 1ಕ್ಕೆ ಸುತ್ತು ಹಾಕಿ. ವರ್ಷಗಳ ಮೇಲೆ ಯಾರೇ ಆ ಹಾಳೆ ತೆಗೆದರೂ ಚೆಂಡು ಹೋದ ದಾರಿ ಹಾಗೇ ಕಾಣುತ್ತದೆ.

ಮೂರನೇ ಸ್ಟ್ರೈಕ್ ಬ್ಯಾಟ್ ಬೀಸಿ ತಪ್ಪಿದ್ದಾದರೆ ನೇರ 'ಕೆ'. ಬೀಸದೆ ನಿಂತು ಮೂರನೇ ಸ್ಟ್ರೈಕ್ ಬಿಟ್ಟರೆ ಕನ್ನಡಿಯಲ್ಲಿ ಕಂಡಂತೆ ತಿರುಗಿದ 'ಕೆ'. 1956ರ ಅಕ್ಟೋಬರ್ 8ರಂದು ಅಮೆರಿಕದ ಅತಿ ದೊಡ್ಡ ವೃತ್ತಿಪರ ಲೀಗ್ ಆದ ಮೇಜರ್ ಲೀಗ್‌ನ ಫೈನಲ್ ಸರಣಿ ವರ್ಲ್ಡ್ ಸೀರೀಸ್‌ನಲ್ಲಿ ಪಿಚ್ಚರ್ ಡಾನ್ ಲಾರ್ಸನ್ 27 ಜನರನ್ನೂ ಒಂದೂ ಬೇಸ್ ಮುಟ್ಟಗೊಡದೆ ಕಳಿಸಿದರಲ್ಲ, ಆ ಹಾಳೆಯ ಕೊನೆಯ ಚೌಕದಲ್ಲಿರುವುದು ಇದೇ ತಿರುಗಿದ 'ಕೆ'.

ಎಡವಟ್ಟಾಗುವುದು ಮೂರು ಕಡೆ. ಒಂದು, ಕ್ಯಾಚರ್ ಮೂರನೇ ಸ್ಟ್ರೈಕನ್ನು ಹಿಡಿಯದೆ ಬಿಟ್ಟಾಗ. ಮೊದಲ ಬೇಸ್ ಖಾಲಿಯಿದ್ದರೆ, ಇಲ್ಲವೇ ಆಗಲೇ ಎರಡು ಔಟಾಗಿದ್ದರೆ, ಬ್ಯಾಟರ್ ಓಡಿ ಬದುಕಿಕೊಳ್ಳಬಹುದು. ಪಿಚ್ಚರ್‌ಗೆ ಸ್ಟ್ರೈಕೌಟ್ ಸಿಕ್ಕಿತು, ಔಟ್ ಮಾತ್ರ ಇಲ್ಲ. ಒಂದೇ ಇನಿಂಗ್ಸ್‌ನಲ್ಲಿ ನಾಲ್ಕು 'ಕೆ' ಬೀಳುವುದು ಹೀಗೆ. ಎರಡು, ಒಂಬತ್ತಕ್ಕಿಂತ ಹೆಚ್ಚು ಜನ ಬ್ಯಾಟ್ ಮಾಡಿ ಪಕ್ಕದ ಕಾಲಂಗೆ ನುಗ್ಗಿದಾಗ. ಆಗ ಮುಂದಿನ ಇನಿಂಗ್ಸ್‌ಗಳ ತಲೆಸಂಖ್ಯೆ ತಿದ್ದಬೇಕು. ಮೂರು, ಪಿಚ್ಚರ್ ಬದಲಾದ ಜಾಗಕ್ಕೆ ದಪ್ಪ ಗೆರೆ ಎಳೆಯಲು ಮರೆತಾಗ. ಯಾವ ರನ್ ಯಾರ ತಲೆಗೆ ಅನ್ನುವುದು ಆಮೇಲೆ ತಿಳಿಯುವುದೇ ಇಲ್ಲ.

ಕೊನೆಯಲ್ಲಿ ತಾಳೆ ನೋಡಲೇಬೇಕು. ಬ್ಯಾಟಿಂಗ್‌ಗೆ ಬಂದ ಸರದಿಗಳೆಷ್ಟೋ, ರನ್, ಔಟ್, ಬೇಸ್ ಮೇಲೆ ಉಳಿದವರು ಈ ಮೂರರ ಮೊತ್ತವೂ ಅಷ್ಟೇ ಇರಬೇಕು. ಉದಾಹರಣೆಗೆ, 38 ಸರದಿಯಾಗಿದ್ದರೆ 4 ರನ್, 27 ಔಟ್, ಉಳಿದವರು 7. 2020ರಿಂದ ಈಚೆಗೆ ಮೇಜರ್ ಲೀಗ್‌ನ ಲೀಗ್ ಹಂತದ ಪಂದ್ಯಗಳಲ್ಲಿ ಹತ್ತನೇ ಇನಿಂಗ್ಸ್‌ನಿಂದ ಎರಡನೇ ಬೇಸ್‌ನಲ್ಲಿ ಒಬ್ಬನನ್ನು ನಿಲ್ಲಿಸಿಯೇ ಆಟ ಶುರು. ಅವನು ಬ್ಯಾಟ್ ಮಾಡಿ ಅಲ್ಲಿಗೆ ಬಂದವನಲ್ಲ. ಹಾಗಾಗಿ ಆ ತಂಡದ ಒಂದೊಂದು ಹೆಚ್ಚುವರಿ ಇನಿಂಗ್ಸ್‌ಗೂ ಸರದಿಯ ಲೆಕ್ಕಕ್ಕೆ ಒಂದು ಸೇರಿಸದೆ ತಾಳೆಯಾಗದು.

ಬರೆದಿಟ್ಟದ್ದರ ಬೆಲೆ ಗೊತ್ತಾಗುವುದು ನೀಗ್ರೋ ಲೀಗ್‌ಗಳ ಕಥೆಯಲ್ಲಿ. ಕಪ್ಪು ಆಟಗಾರರನ್ನು ಮೇಜರ್ ಲೀಗ್ ಹೊರಗಿಟ್ಟಿದ್ದ ಕಾಲದಲ್ಲಿ ಅವರ ಪಂದ್ಯಗಳ ಬಾಕ್ಸ್ ಸ್ಕೋರ್ (ಪಂದ್ಯದ ಸಂಕ್ಷಿಪ್ತ ಅಂಕಪಟ್ಟಿ) ಅಚ್ಚಾದದ್ದು ಹೆಚ್ಚಾಗಿ 'ಪಿಟ್ಸ್‌ಬರ್ಗ್ ಕೊರಿಯರ್', 'ಚಿಕಾಗೋ ಡಿಫೆಂಡರ್'ನಂಥ ಕಪ್ಪು ಜನರ ಪತ್ರಿಕೆಗಳಲ್ಲಿ. ಸಂಶೋಧಕರು ಆ ಹಳೇ ಪುಟಗಳನ್ನು ಜಾಲಾಡಿ, ಒಂದೊಂದೇ ಪಂದ್ಯ ಜೋಡಿಸಿದರು. 2024ರ ಮೇ ತಿಂಗಳಲ್ಲಿ ಆ ಅಂಕಿಅಂಶ ಮೇಜರ್ ಲೀಗ್ ದಾಖಲೆಗೆ ಸೇರಿತು. ನೀಗ್ರೋ ಲೀಗ್ ಆಟಗಾರ ಜಾಶ್ ಗಿಬ್ಸನ್ ಅವರ ಜೀವಮಾನದ ಬ್ಯಾಟಿಂಗ್ ಸರಾಸರಿ (ಹೊಡೆದು ಬೇಸ್ ಸೇರಿದ ಪ್ರಮಾಣ) .372, ಟೈ ಕಾಬ್ ಅವರ .367ನ್ನು ದಾಟಿ ಮೊದಲ ಸ್ಥಾನಕ್ಕೇರಿತು. ಗಿಬ್ಸನ್ ತೀರಿಕೊಂಡದ್ದು 1947ರ ಜನವರಿಯಲ್ಲಿ, ಆ ತಡೆ ಮುರಿದ ಜಾಕಿ ರಾಬಿನ್ಸನ್ ಮೇಜರ್ ಲೀಗ್ ಮೈದಾನಕ್ಕಿಳಿಯುವ ಮೂರು ತಿಂಗಳ ಮೊದಲು. ಊರೂರು ತಿರುಗಿ ಆಡಿದ ಎಷ್ಟೋ ಪ್ರದರ್ಶನ ಪಂದ್ಯಗಳು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ.

1989ರಲ್ಲಿ ಶುರುವಾದ ರೆಟ್ರೋಶೀಟ್ ಅನ್ನುವ ಸ್ವಯಂಸೇವಕರ ಬಳಗ ಹಳೇ ಪಂದ್ಯಗಳ ಇಂಥ ಹಾಳೆಗಳನ್ನು ಕಲೆಹಾಕಿ, ಕಂಪ್ಯೂಟರ್‌ಗೆ ಹತ್ತಿಸಿ, ಎಲ್ಲರಿಗೂ ಉಚಿತವಾಗಿ ಕೊಡುತ್ತಿದೆ. ಅಮೆರಿಕದಲ್ಲಿರುವ ಕನ್ನಡಿಗರೇ, ಹಳೇ ಸಾಮಾನಿನ ಮಾರಾಟದಲ್ಲಿ ಯಾರೋ ಪೆನ್ಸಿಲ್‌ನಲ್ಲಿ ತುಂಬಿದ ಸ್ಕೋರ್‌ಕಾರ್ಡ್ ಕಣ್ಣಿಗೆ ಬಿದ್ದರೆ ಹಾಗೇ ಬಿಟ್ಟು ಬರಬೇಡಿ. ಮೊದಲು ತಾರೀಕು ಮತ್ತು ಎರಡೂ ತಂಡಗಳ ಹೆಸರು ಇದೆಯೇ ನೋಡಿ.