17 ಇಂಟು 23

ಇವತ್ತು ಮತ್ತೆ ಅದೇ ಆಯಿತು. ನಾಲ್ಕು ಜನರ ಮುಂದೆ ಒಬ್ಬರು, "ಇವರದು ಎಂಎಸ್ಸಿ ಮ್ಯಾಥ್ಸ್, ಕ್ಯಾಲ್ಕ್ಯುಲೇಟರ್ ಯಾಕೆ? 17 ಇಂಟು 23 ಎಷ್ಟು ಹೇಳಿ ಸಾರ್" ಅಂದರು. ನಾನು ತಡವರಿಸಿದೆ. ಒಬ್ಬ ಹುಡುಗ ಫೋನ್ ಒತ್ತಿ 391 ಅಂದ. ಎಲ್ಲರೂ ನಕ್ಕರು. "ಏನ್ ಓದಿದ್ರೋ ಏನೋ" ಅಂತ ಕೊಸರು ಬೇರೆ.

ಐದು ವರ್ಷ ಓದಿದ್ದೇನೆ ಸ್ವಾಮಿ. ಕೊನೆಯ ಎರಡು ವರ್ಷದ ನನ್ನ ನೋಟ್ಸ್‌ನಲ್ಲಿ ಎರಡಂಕಿಯ ಸಂಖ್ಯೆ ಕಂಡರೆ ಅದು ಬಹುಶಃ ಪುಟದ ಸಂಖ್ಯೆ.

ಹಾಗಾದರೆ ಅಲ್ಲಿ ಏನು ಮಾಡಿದ್ರಿ ಅಂತೀರಾ? ಬೈಸಿಕೊಂಡೆವು. ಬೋರ್ಡ್ ಮುಂದೆ ನಿಂತು "ಇದು ಸುಲಭವಾಗಿ ಗೊತ್ತಾಗುತ್ತೆ ಸಾರ್" ಅಂದರೆ ಮೇಷ್ಟ್ರು "ಯಾರಿಗೆ?" ಅನ್ನೋರು. ಅಷ್ಟೇ. ಚಾಕ್‌ಪೀಸ್ ಹಿಡಿದ ಕೈ ಅಲ್ಲೇ ನಿಲ್ಲುತ್ತಿತ್ತು.

ಒಂದು ದಿನ ಅವರು ಲೆಕ್ಕ ಕೊಟ್ಟರು. ಒಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆ ಕೂಡಿಸಿ, ಮೇಲೆ 41 ಕೂಡಿಸಿ; ಉತ್ತರ ಯಾವಾಗಲೂ ಅವಿಭಾಜ್ಯವೇ ಬರುತ್ತಾ ಅಂತ. 1 ಹಾಕಿದರೆ 43, 2ಕ್ಕೆ 47, 3ಕ್ಕೆ 53. ಎಲ್ಲಾ ಅವಿಭಾಜ್ಯ. 39ರವರೆಗೂ ಅವಿಭಾಜ್ಯವೇ. 40 ಹಾಕಿದರೆ 1681, ಅಂದರೆ 41 ಇಂಟು 41. ಮುಗೀತು ಕಥೆ. 39 ಸಲ ಸರಿ ಬಂದದ್ದು ಯಾವ ಲೆಕ್ಕಕ್ಕೂ ಇಲ್ಲ.

ಇದು ಮಕ್ಕಳಾಟ ಅನ್ನಿಸಿದರೆ ಪೋಲ್ಯಾ ಅನ್ನೋ ಗಣಿತಜ್ಞ 1919ರಲ್ಲಿ ಮಾಡಿದ ಊಹೆ ನೋಡಿ. 1ರಿಂದ ಶುರುಮಾಡಿ 2 ಅಥವಾ ಅದರಾಚೆ ಎಲ್ಲಿಯವರೆಗೆ ಎಣಿಸಿದರೂ, ಅವಿಭಾಜ್ಯ ಅಪವರ್ತನಗಳ ಎಣಿಕೆ (ಮತ್ತೆ ಬಂದದ್ದನ್ನೂ ಸೇರಿಸಿ) ಬೆಸವಾಗಿರುವ ಸಂಖ್ಯೆಗಳು ಉಳಿದವಕ್ಕಿಂತ ಕಡಿಮೆ ಆಗೋದಿಲ್ಲ ಅಂತ. ಅದು ಸುಳ್ಳು ಅಂತ 1958ರಲ್ಲಿ ಸಾಬೀತಾಯಿತು. ಮೊದಲ ಸಲ ತಪ್ಪುವುದು ಎಲ್ಲಿ ಗೊತ್ತಾ? 90,61,50,257ರಲ್ಲಿ. ಅಲ್ಲಿಯವರೆಗೆ ಒಂದೊಂದೇ ಪರೀಕ್ಷೆ ಮಾಡುತ್ತಾ ಹೋದರೆ ಎಲ್ಲವೂ ಸರಿ!

ಇಂಥದ್ದನ್ನು ನೋಡಿದವನ ಮುಂದೆ "ನಮ್ಮ ಕಡೆ ನಾಲ್ಕು ಜನಕ್ಕೆ ವಾಸಿ ಆಯ್ತು" ಅಂದರೆ ಮೈ ಉರಿಯುತ್ತದೆ. "ಗೆದ್ದವರೆಲ್ಲ ಬೆಳಿಗ್ಗೆ ಬೇಗ ಏಳ್ತಾರೆ, ನೀವೂ ಬೇಗ ಏಳಿ, ಗೆಲ್ತೀರಿ" ಅನ್ನೋ ಪೋಸ್ಟ್ ಕಂಡರೂ ಅಷ್ಟೇ. ಸೋತವರು ಎಷ್ಟು ಗಂಟೆಗೆ ಎದ್ದರು ಅಂತ ಯಾರೂ ಕೇಳಲ್ಲ ಅಲ್ವಾ?

ಕಾನೂನು ಓದಿದರೂ, ಪ್ರೋಗ್ರಾಮಿಂಗ್ ಕಲಿತರೂ ಹೀಗೆ ಪುರಾವೆ ಕೇಳೋ ಬುದ್ಧಿ ಬರುತ್ತೆ ಅನ್ನುತ್ತಾರೆ. ಬರಲಿ, ಬೇಡ ಅಂದವರಾರು. ಆದರೆ ಕೋರ್ಟಿನಲ್ಲಿ ಜಡ್ಜ್ ಒಪ್ಪಿದರೆ ಸಾಕು, ಪ್ರೋಗ್ರಾಂ ಹೆಚ್ಚಿನ ಸಲ ಓಡಿದರೆ ಸಾಕು. ಪ್ರೂಫ್‌ನಲ್ಲಿ "ಹೆಚ್ಚಿನ ಸಲ" ಅಂದರೆ ಸೊನ್ನೆ ಮಾರ್ಕು. (ವಕೀಲ ಮಿತ್ರರು ಬೇಜಾರು ಮಾಡಿಕೊಳ್ಳಬಾರದು. ಮಾಡಿಕೊಂಡರೂ ಪರವಾಗಿಲ್ಲ.)

ಗಣಿತ ಓದಿದವರೆಲ್ಲ ನೆಟ್ಟಗೆ ಯೋಚಿಸ್ತಾರಾ ಅಂತ ಮಾತ್ರ ಕೇಳಬೇಡಿ. ನಮ್ಮ ಬ್ಯಾಚಿನ ಟಾಪರ್ ದಿನಕ್ಕೆ ಹತ್ತು ಸುಳ್ಳು ಫಾರ್ವರ್ಡ್ ಕಳಿಸುತ್ತಾನೆ.

ನಾನೇನು ಕಮ್ಮಿ? ಮೊದಲ ವರ್ಷ ಎಪ್ಸಿಲಾನ್-ಡೆಲ್ಟಾ ಪ್ರೂಫ್‌ಗಳನ್ನು (ಉತ್ತರದಲ್ಲಿ ಎಪ್ಸಿಲಾನ್‌ನಷ್ಟೇ ವ್ಯತ್ಯಾಸ ಇರಬೇಕು ಅಂದರೆ, ಹಾಕುವ ಸಂಖ್ಯೆಯಲ್ಲಿ ಡೆಲ್ಟಾದಷ್ಟು ವ್ಯತ್ಯಾಸ ಇರಬಹುದು ಅಂತ ತೋರಿಸೋದು) ಬಾಯಿಪಾಠ ಮಾಡಿ ಪಾಸಾದವನು ನಾನು. ಒಳ್ಳೇ ಮಾರ್ಕು ಕೂಡ ಬಂದಿತ್ತು. ಪ್ರತಿ ಎಪ್ಸಿಲಾನ್‌ಗೂ ಒಂದು ಡೆಲ್ಟಾ ಇದೆ ಅನ್ನೋದಕ್ಕೂ, ಎಲ್ಲಾ ಎಪ್ಸಿಲಾನ್‌ಗೂ ಒಂದೇ ಡೆಲ್ಟಾ ಸಾಕು ಅನ್ನೋದಕ್ಕೂ ವ್ಯತ್ಯಾಸ ಇದೆ ಅಂತ ಹೊಳೆದದ್ದು ಎರಡನೇ ವರ್ಷ. ಪ್ರತಿ ಬೀಗಕ್ಕೂ ಒಂದು ಕೀಲಿ ಇರೋದು ಬೇರೆ, ಎಲ್ಲಾ ಬೀಗಕ್ಕೂ ಒಂದೇ ಕೀಲಿ ಇರೋದು ಬೇರೆ. ಇಷ್ಟು ಸಣ್ಣ ಮಾತು ತಲೆಗೆ ಹೋಗಲು ಒಂದು ವರ್ಷ! ಆ ರಾತ್ರಿ ನಾಚಿಕೆಯಾಗಿ ಹಳೇ ನೋಟ್ಸ್ ಎಲ್ಲಾ ಮೊದಲಿಂದ ಬರೆದೆ.

ಅಂದಹಾಗೆ, ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು. 17 ಅಂದರೆ 20ಕ್ಕೆ ಮೂರು ಕಮ್ಮಿ, 23 ಅಂದರೆ 20ಕ್ಕೆ ಮೂರು ಜಾಸ್ತಿ. 17ನ್ನು 23ರಿಂದ ಗುಣಿಸುವುದೇ ಬೇಡ, 20ರ ವರ್ಗ 400ರಲ್ಲಿ ಮೂರರ ವರ್ಗ 9 ಕಳೆದರಾಯಿತು. ಹತ್ತು ನಿಮಿಷ ತಡವಾಗಿ ಹೊಳೆದದ್ದನ್ನು ಹೇಳೋಣ ಅಂದರೆ, ಅಷ್ಟು ಹೊತ್ತಿಗೆ ಅವರೆಲ್ಲ ಹೊರಟು ಹೋಗಿದ್ದರು.