ದಿನಕ್ಕೆ 66 ರೂಪಾಯಿಯ ಸೋಮಾರಿತನ

ಶ್ರಾವಣದಲ್ಲಿ ಬೆಂಗಳೂರಿನ ಒಂದು ಗೃಹಪ್ರವೇಶದ ಊಟಕ್ಕೆ ಕುಳಿತಿದ್ದೆ. ಎರಡನೆಯ ಪಂಕ್ತಿ. ಪಕ್ಕದ ಎಲೆಯಲ್ಲಿದ್ದ ನಮ್ಮ ಹಿರಿಯ ಬಂಧುಗಳೊಬ್ಬರು ಹೋಳಿಗೆಗೆ ಇನ್ನೊಂದು ಮಿಳ್ಳೆ ತುಪ್ಪ ಹಾಕಿಸಿಕೊಳ್ಳುತ್ತ ನಾಡಿನ ಭವಿಷ್ಯ ನೆನೆದು ನಿಟ್ಟುಸಿರು ಬಿಟ್ಟರು. "ಹಳ್ಳಿ ಹೆಂಗಸರಿಗೆ ತಿಂಗಳಿಗೆ ಎರಡು ಸಾವಿರ ಪುಕ್ಕಟೆ ಕೊಟ್ಟು ಎಲ್ಲರನ್ನೂ ಸೋಮಾರಿಗಳನ್ನಾಗಿ ಮಾಡಿಬಿಟ್ಟರಲ್ಲಪ್ಪ! ಇನ್ನು ಹೊಲಕ್ಕೆ ಹೋಗುವವರು ಯಾರು?" ಅವರು ನಿವೃತ್ತರಾಗಿ ಹನ್ನೊಂದು ವರ್ಷವಾಯಿತು. ತುಟ್ಟಿಭತ್ಯೆ ಏರಿದಾಗಲೆಲ್ಲ ಅವರ ಪಿಂಚಣಿಯೂ ಏರುತ್ತದೆ. ಅಂದು ಬೆಳಗ್ಗೆಯಿಂದ ಅವರು ಮಾಡಿದ ಶ್ರಮದ ಕೆಲಸವೆಂದರೆ ಎಲೆಯ ತುದಿಯ ಉಪ್ಪನ್ನು ಬೆರಳಿನಿಂದ ಆಚೆಗೆ ಸರಿಸಿದ್ದು. ರಕ್ತದೊತ್ತಡವಂತೆ.

ನನಗೂ ಗಾಬರಿಯಾಯಿತು. ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ಆ ಎರಡು ಸಾವಿರವನ್ನು ಮೂವತ್ತಕ್ಕೆ ಹಂಚಿದರೆ ದಿನಕ್ಕೆ 66 ರೂಪಾಯಿ, ಮೇಲೆ ಚಿಲ್ಲರೆ. ಬೆಂಗಳೂರಿನ ಸುಮಾರಾದ ಹೋಟೆಲಿನಲ್ಲಿ ಮಸಾಲೆದೋಸೆ ತಿಂದು ಸೋಮಾರಿಯಾಗೋಣವೆಂದರೂ ಸಾಲುವುದಿಲ್ಲ. ಇಷ್ಟು ಅಗ್ಗದಲ್ಲಿ ಇಡೀ ಹಳ್ಳಿಗೆ ಹಳ್ಳಿಯೇ ಸೋಮಾರಿಯಾಗಿದೆ ಎಂದರೆ ಅದನ್ನು ಕಣ್ಣಾರೆ ಕಾಣಬೇಕು. ಮರುದಿನವೇ ತಿಪಟೂರು ಕಡೆಯ ನಮ್ಮೂರಿಗೆ, ದೊಡ್ಡಮ್ಮನ ಮನೆಗೆ ಹೊರಟೆ. ಎರಡು ಎಕರೆ ರಾಗಿ ಹೊಲ, ಮೂವತ್ತು ತೆಂಗಿನಮರ, ಒಂದು ಹಸು, ಅದರ ಕರು, ಸಂಘದ ಸಾಲ. ಸೋಮಾರಿತನಕ್ಕೆ ಬೇಕಾದ ಸಕಲ ಸೌಕರ್ಯವೂ ಅಲ್ಲಿದೆ.

ಬೆಳಗ್ಗೆ ಐದೂವರೆಗೇ ಎದ್ದು ಕಾದು ಕುಳಿತೆ. ತಡವಾಗಿತ್ತು. ಅಷ್ಟರಲ್ಲಿ ದೊಡ್ಡಮ್ಮ ಸಗಣಿ ಬಾಚಿ, ಹಾಲು ಕರೆದು, ಡೈರಿಗೆ ಹಾಕಿ ಬರಲು ಹೊರಟಿದ್ದಳು. "ಸೋಮಾರಿತನ ಎಷ್ಟು ಹೊತ್ತಿಗೆ ಶುರುವಾಗುತ್ತದೆ ದೊಡ್ಡಮ್ಮ?" ಎಂದೆ. "ಅದ್ಯಾವುದಪ್ಪ ಹೊಸ ಯೋಜನೆ, ಅದಕ್ಕೂ ಆಧಾರ್ ಕಾರ್ಡ್ ಕೊಡಬೇಕೇ?" ಎಂದಳು. ಹನ್ನೆರಡರವರೆಗೆ ರಾಗಿ ಹೊಲದಲ್ಲಿ ಕಳೆ ಕಿತ್ತಳು. ಮಧ್ಯಾಹ್ನ ಊಟವಾದ ಮೇಲೆ ಕೊನೆಗೂ ಜಗಲಿಯ ಮೇಲೆ ಕುಳಿತಳು. ನಾನು ಗಡಿಯಾರ ನೋಡಿಕೊಂಡೆ. ಕುಳಿತಿದ್ದು ನಿಜ, ಆದರೆ ಮಡಿಲಲ್ಲಿ ತೆಂಗಿನ ಗರಿ, ಕೈಯಲ್ಲಿ ಚೂರಿ. ಸಂಜೆಯ ಹೊತ್ತಿಗೆ ಪೊರಕೆಗೆ ಬೇಕಾದಷ್ಟು ಕಡ್ಡಿ ಹೆರೆದು ಮುಗಿಸಿದ್ದಳು. ನನ್ನ ಸಂಶೋಧನೆಯಲ್ಲಿ ದಿನವಿಡೀ ಏನೂ ಮಾಡದೆ ಕುಳಿತಿದ್ದವನು ಒಬ್ಬನೇ ಒಬ್ಬ ಸಿಕ್ಕಿದ. ಅವನಿಗೆ ಗೃಹಲಕ್ಷ್ಮಿ ಬರುವುದಿಲ್ಲ, ಅವನು ಬೆಂಗಳೂರಿನಿಂದ ಬಂದವನು.

ಅರ್ಥಶಾಸ್ತ್ರಜ್ಞರು ಇಂಥ ಹಣವನ್ನು 'ಷರತ್ತುರಹಿತ ನಗದು ವರ್ಗಾವಣೆ' ಎನ್ನುತ್ತಾರೆ. ಕೊಟ್ಟ ಮೇಲೆ ಏನು ಮಾಡಿದೆ ಎಂದು ಕೇಳುವುದಿಲ್ಲ ಎಂದರ್ಥ. ಕೊಡುವ ಮೊದಲು ಏನೇನು ಕೇಳುತ್ತಾರೆ ಎಂಬುದಕ್ಕೆ ಆ ಶಾಸ್ತ್ರದಲ್ಲಿ ಹೆಸರಿದ್ದಂತಿಲ್ಲ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿಗೆ ಚಾಲನೆ ಸಿಕ್ಕಿತು. ಅದಕ್ಕೂ ಮೊದಲೇ ದೊಡ್ಡಮ್ಮ ಪಡಿತರ ಚೀಟಿ, ಆಧಾರ್, ಬ್ಯಾಂಕ್ ಪುಸ್ತಕಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಸೇವಾ ಕೇಂದ್ರದ ಮುಂದೆ ಎರಡು ದಿನ ನಿಂತಿದ್ದಳು. ಮದುವೆಯಾಗಿ ನಲವತ್ತೊಂದು ವರ್ಷವಾದ ಮೇಲೆ ಸರ್ಕಾರ ಅವಳನ್ನು 'ಮನೆಯ ಯಜಮಾನಿ' ಎಂದು ಗುರುತಿಸಿತು. ಅದನ್ನು ಅರಗಿಸಿಕೊಳ್ಳಲು ದೊಡ್ಡಪ್ಪನಿಗೆ ಒಂದು ವಾರ ಹಿಡಿಯಿತು. ಆಮೇಲೆ ಬ್ಯಾಂಕಿನವರು ಖಾತೆಗೆ ಮ್ಯಾಪಿಂಗ್, ಅಂದರೆ ಆಧಾರ್ ಜೋಡಣೆ, ಆಗಿಲ್ಲ ಎಂದರು. ಮ್ಯಾಪಿಂಗ್ ಎಂದರೆ ನಕ್ಷೆಯ ವಿಷಯವಿರಬೇಕೆಂದು ದೊಡ್ಡಪ್ಪ ಸರ್ವೆಯವನಿಗೆ ಹೇಳಿ ಕಳಿಸಿದ. ಅವನು ಬಂದು ಹೊಲ ಅಳೆಯುವುದೊಂದು ಬಾಕಿ ಇತ್ತು.

ಎಲ್ಲ ಮುಗಿದು ಹಣ ಬಂದರೂ ಬಿಡಿಸಿಕೊಳ್ಳುವ ಹಬ್ಬ ಬೇರೆಯೇ. ನಾನಿದ್ದಾಗ ಒಂದು ಕಂತು ಬಂತು. ಬಂದ ಸುದ್ದಿ ದೊಡ್ಡಮ್ಮನಿಗಿಂತ ಮೊದಲು ಸಾಲದ ಕಂತು ವಸೂಲಿಗೆ ಬರುವ ಹುಡುಗನಿಗೆ ಗೊತ್ತಿತ್ತು. ಬ್ಯಾಂಕಿನ ಪರವಾಗಿ ಹಳ್ಳಿಯಲ್ಲೇ ಹಣ ಕೊಡುವ ಬ್ಯಾಂಕ್ ಮಿತ್ರ ಒಂದು ಅಂಗಡಿಯ ಮುಂದೆ ಹೆಬ್ಬೆಟ್ಟು ಒತ್ತುವ ಪುಟ್ಟ ಯಂತ್ರವನ್ನಿಟ್ಟುಕೊಂಡು ಕುಳಿತಿದ್ದ. ದೊಡ್ಡಮ್ಮ ಒತ್ತಿದಳು. ಇಲ್ಲ. ಸೆರಗಿಗೆ ಒರೆಸಿ ಒತ್ತಿದಳು. ಇಲ್ಲ. ತೋರುಬೆರಳು, ನಡುಬೆರಳು, ಎಡಗೈ... ಕಳೆ ಕಿತ್ತು, ಗರಿ ಹೆರೆದು ಸವೆದ ಬೆರಳಿನಲ್ಲಿ ಯಂತ್ರಕ್ಕೆ ಗೆರೆಯೇ ಸಿಗಲಿಲ್ಲ. ಸಾಲಿನಲ್ಲಿದ್ದ ಅಜ್ಜಿಯೊಬ್ಬಳು ಸೊಂಟದ ಚೀಲದಿಂದ ಅರ್ಧ ನಿಂಬೆಹಣ್ಣು ತೆಗೆದುಕೊಟ್ಟಳು. ಅದರಿಂದ ಉಜ್ಜಿ, ಒರೆಸಿ, ಉಸಿರು ಬಿಗಿಹಿಡಿದು ಒತ್ತಿದಾಗ ಹಸಿರು ದೀಪ ಹತ್ತಿತು. ಸಾಲಿನಲ್ಲಿದ್ದವರೆಲ್ಲ ಮಹಾಮಂಗಳಾರತಿಯಾದಂತೆ ನಿಟ್ಟುಸಿರು ಬಿಟ್ಟರು. ಕೆಲಸ ಮಾಡಿ ಮಾಡಿ ಬೆರಳು ಸವೆದವಳಿಗೆ ಸೋಮಾರಿಯಾಗಲು ಹಣ ಕೊಡುವುದು ಎಷ್ಟು ಕಷ್ಟ ನೋಡಿ.

ಕಂತು ತಿಂಗಳಿಗೊಂದು ಎಂಬುದೂ ಕಾಗದದ ಮಾತು. ಕೆಲವೊಮ್ಮೆ ಎರಡು ತಿಂಗಳು ಸುಳಿವೇ ಇಲ್ಲ, ಆಮೇಲೆ ಒಟ್ಟಿಗೇ ಬರುತ್ತದೆ. ಲಕ್ಷ್ಮಿ ಚಂಚಲೆ ಎಂದು ಹಿರಿಯರು ಹೇಳಿದ್ದರು. ಈಗ ಅದಕ್ಕೆ 'ತಾಂತ್ರಿಕ ಕಾರಣ' ಎನ್ನುತ್ತಾರೆ. ಚುನಾವಣೆ ಹತ್ತಿರವಾದರೆ ತಂತ್ರ ಸರಿಹೋಗುತ್ತದೆ ಎಂಬುದು ಅರಳಿಕಟ್ಟೆಯ ಪಂಚಾಂಗ.

ದೊಡ್ಡಪ್ಪನ ಕತೆ ಇನ್ನೂ ಸ್ವಾರಸ್ಯವಾಗಿದೆ. 2019ರಲ್ಲಿ ಕೇಂದ್ರ ಸರ್ಕಾರ ರೈತರಿಗೆ ವರ್ಷಕ್ಕೆ ಆರು ಸಾವಿರ, ಎರಡೆರಡು ಸಾವಿರದಂತೆ ಮೂರು ಕಂತು, ಕೊಡಲು ಶುರು ಮಾಡಿತು. ಆದರೆ ಹೊಲ ಇರುವುದು ತಾತನ ಹೆಸರಿನಲ್ಲಿ. ತಾತ ತೀರಿಕೊಂಡು ಮೂವತ್ತು ವರ್ಷವಾಯಿತು. ಪಹಣಿಯಲ್ಲಿ ಇಂದಿಗೂ ಗಟ್ಟಿಮುಟ್ಟಾಗಿದ್ದಾರೆ. ಪೌತಿ ಖಾತೆಯಾಗಬೇಕು, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಹೊಲ ಬರಬೇಕು, ಅದಕ್ಕೆ ವಂಶವೃಕ್ಷ ಬೇಕು, ಶಿವಮೊಗ್ಗದ ಅತ್ತೆ, ಭದ್ರಾವತಿಯ ಚಿಕ್ಕಪ್ಪ ಎಲ್ಲರೂ ಸೇರಬೇಕು. ಎಲ್ಲರೂ ಸೇರಿದ್ದು ತಾತನ ತಿಥಿಗೆ, ಅಂದೇ ಜಗಳವಾಗಿ ಎದ್ದು ಹೋದರು. ದೊಡ್ಡಪ್ಪನ ಪ್ರಕಾರ ಆ ಯೋಜನೆಯ ನಿಜವಾದ ಫಲಾನುಭವಿ ತಾತನೇ. "ಏನು ಮಾಡುವುದಪ್ಪ, ಇ-ಕೆವೈಸಿ ಮಾಡಿಸಲು ಅವರು ಬರುತ್ತಿಲ್ಲ" ಎನ್ನುತ್ತಾನೆ. ಪಕ್ಕದ ಹೊಲವನ್ನು ಬೆಳೆಯ ಪಾಲಿನ ಮೇಲೆ ಮಾಡುವವನಿಗೂ ಹಣವಿಲ್ಲ. ತುಮಕೂರಿನಲ್ಲಿರುವ ಅದರ ಒಡೆಯನಿಗೆ ಮೊಬೈಲಿಗೇ ಸಂದೇಶ ಬರುತ್ತದೆ. ಉಳುವವನೇ ಹೊಲದೊಡೆಯ ಎಂದು ಒಂದು ಕಾಲದಲ್ಲಿ ಗೋಡೆ ಗೋಡೆಯ ಮೇಲೆ ಬರೆಯುತ್ತಿದ್ದರು. ಈಗ ಗೋಡೆಯ ಮೇಲೆ ಸಿಮೆಂಟಿನ ಜಾಹೀರಾತಿದೆ.

ಹೋಗಲಿ, ದೊಡ್ಡಮ್ಮ ಆ ಎರಡು ಸಾವಿರವನ್ನು ಏನು ಮಾಡುತ್ತಾಳೆ? ಬಿತ್ತನೆಯ ತಿಂಗಳ ಕಂತಿನಲ್ಲಿ 1,350 ರೂಪಾಯಿಗೆ ಒಂದು ಚೀಲ ಡಿಎಪಿ ಗೊಬ್ಬರ ಬಂತು, ಉಳಿದದ್ದು ಸಂಘಕ್ಕೆ ಹೋಯಿತು. ಇನ್ನೊಂದು ಕಂತು ಮೊಮ್ಮಗಳ ಶಾಲೆಗೆ. ಮತ್ತೊಂದರಲ್ಲಿ ಅವಳು ಒಂದು ಕನ್ನಡಕ ಮಾಡಿಸಿಕೊಂಡಳು. ಓದಲು ಅಲ್ಲ, ರಾಗಿಯಲ್ಲಿ ಕಲ್ಲು ಆರಿಸಲು. ನಾಲ್ಕು ವರ್ಷದಿಂದ ಕಲ್ಲು ಕಾಣದೆ ಕೈಯಿಂದ ತಡವಿ ಆರಿಸುತ್ತಿದ್ದಳಂತೆ. ಯಾರಿಗೂ ಹೇಳಿರಲಿಲ್ಲ, ಹೇಳಿದರೆ ದುಡ್ಡು ಕೇಳಿದಂತಾಗುತ್ತದೆ ಎಂದು. ಮನೆಯಲ್ಲಿ ಒಂದೇ ಒಂದು ದೊಡ್ಡ ಬದಲಾವಣೆ ಕಂಡೆ. ಮೊದಲು ಎಲೆಅಡಿಕೆಗೆ ಅವಳು ದೊಡ್ಡಪ್ಪನ ಮುಂದೆ ಕೈ ಒಡ್ಡುತ್ತಿದ್ದಳು. ಈಗ ಬೀಡಿಗೆ ದೊಡ್ಡಪ್ಪ ಅವಳ ಮುಂದೆ ನಿಂತು ಗಂಟಲು ಸರಿಮಾಡಿಕೊಳ್ಳುತ್ತಾನೆ. ಅವಳು ಷರತ್ತಿಲ್ಲದೆ ಏನೂ ಕೊಡುವುದಿಲ್ಲ: ಮೊದಲು ಹಸುವಿಗೆ ಮೇವು ಹಾಕಬೇಕು.

ಊರಿನ ದೊಡ್ಡ ತೋಟದವರಿಗೆ ಮಾತ್ರ ನಿಜಕ್ಕೂ ಸಂಕಟವಾಗಿದೆ. "ಕೂಲಿಗೆ ಕರೆದರೆ ನಮ್ಮದೇ ಕೆಲಸವಿದೆ ಎನ್ನುತ್ತಾರೆ" ಎಂದು ಅಲವತ್ತುಕೊಂಡರು. ಇದು ಹಳೆಯ ಕಾಯಿಲೆ. 2011ರಲ್ಲಿ ಮಧ್ಯಪ್ರದೇಶದ ಕೆಲವು ಹಳ್ಳಿಗಳಲ್ಲಿ 'ಸೇವಾ' ಎಂಬ ದುಡಿಯುವ ಮಹಿಳೆಯರ ಸಂಘಟನೆಯವರು ಯುನಿಸೆಫ್ ನೆರವಿನಿಂದ ಪ್ರತಿಯೊಬ್ಬ ವಯಸ್ಕರಿಗೂ ತಿಂಗಳಿಗೆ 200 ರೂಪಾಯಿ, ಆಮೇಲೆ 300, ಸುಮ್ಮನೆ ಕೊಟ್ಟು ನೋಡಿದ್ದರು. ಜನ ಕೂಲಿ ಕಡಿಮೆ ಮಾಡಿ ತಮ್ಮ ಹೊಲದಲ್ಲಿ ಹೆಚ್ಚು ದುಡಿದರು, ಆಡು ಹಸು ಕೊಂಡರು. ನಮ್ಮ ಹೊಲದಲ್ಲಿ ದುಡಿದರೆ ದುಡಿಮೆ, ಅವರ ಹೊಲದಲ್ಲೇ ಅವರು ದುಡಿದರೆ ಸೋಮಾರಿತನ ಎಂಬ ವ್ಯಾಖ್ಯೆ ಅಲ್ಲಿಂದಲೇ ಬಂದಿರಬೇಕು.

ಸೋಮಾರಿತನದ ಈ ಭಯ ಎಲ್ಲ ಹಣಕ್ಕೂ ಅಂಟುವುದಿಲ್ಲ ಎಂಬುದೇ ಸೋಜಿಗ. 2019ರಲ್ಲಿ ಕಂಪನಿಗಳ ತೆರಿಗೆಯನ್ನು ಶೇಕಡ 30ರಿಂದ 22ಕ್ಕೆ ಇಳಿಸಿದಾಗ ಯಾವ ಕಂಪನಿಯ ಹೆಬ್ಬೆಟ್ಟನ್ನೂ ಯಾರೂ ಒತ್ತಿಸಿಕೊಳ್ಳಲಿಲ್ಲ. 2025ರ ಮಾರ್ಚ್‌ನಲ್ಲಿ ನಮ್ಮ ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ ಏರಿತು. ಇನ್ನು ಸದನಕ್ಕೆ ಯಾರು ಬರುತ್ತಾರೆ ಎಂದು ಹೋಳಿಗೆ ಊಟದಲ್ಲಿ ಒಬ್ಬರೂ ಕೇಳಲಿಲ್ಲ. 2022ರಲ್ಲಿ ಪುಕ್ಕಟೆ ಕೊಡುಗೆಗಳನ್ನು ಉತ್ತರದ ಸಿಹಿತಿಂಡಿ 'ರೇವಡಿ'ಗೆ ಹೋಲಿಸಿ ಪ್ರಧಾನಿಯವರು ಮೂದಲಿಸಿದ್ದರು. ಆ ತಿಂಡಿ ಮರುವರ್ಷವೇ ಮಧ್ಯಪ್ರದೇಶದಲ್ಲಿ ಅವರದೇ ಪಕ್ಷದ ಸರ್ಕಾರದ ತಟ್ಟೆಯಲ್ಲಿ, ಹೆಂಗಸರಿಗೆ ತಿಂಗಳ ಹಣ ಕೊಡುವ 'ಲಾಡ್ಲಿ ಬಹನಾ' ಆಗಿ ಕಾಣಿಸಿಕೊಂಡಿತು. ಮಹಾರಾಷ್ಟ್ರ ಎರಡನೆಯ ಪಂಕ್ತಿಗೆ ಕುಳಿತಿತು. ನಮ್ಮಲ್ಲಂತೂ ಗ್ಯಾರಂಟಿಗಳು ಸರಿಯಾಗಿ ತಲುಪಿದವೇ ಎಂದು ನೋಡಲು ತಾಲ್ಲೂಕು ತಾಲ್ಲೂಕಿಗೂ ಸಮಿತಿ, ಸಮಿತಿಗೊಬ್ಬ ಅಧ್ಯಕ್ಷ, ಅಧ್ಯಕ್ಷರಿಗೆ ಗೌರವಧನ. ಆ ಗೌರವಧನಕ್ಕೆ ಮ್ಯಾಪಿಂಗ್ ಆಗಿದೆಯೇ ಎಂದು ದೊಡ್ಡಮ್ಮ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ನವೆಂಬರ್‌ನಲ್ಲಿ ಹೋಳಿಗೆಯ ಬಂಧುಗಳ ಫೋನ್ ಬಂತು. ಧ್ವನಿ ನಡುಗುತ್ತಿತ್ತು, ಕೋಪಕ್ಕೆ. ಪಿಂಚಣಿಗೆ ಜೀವಂತ ಪ್ರಮಾಣಪತ್ರ ಕೊಡಲು ಹೋಗಿದ್ದರಂತೆ. ಮೂರು ಸಲ ಒತ್ತಿದರೂ ಯಂತ್ರ ಅವರ ಬೆರಳನ್ನು ಗುರುತಿಸಲಿಲ್ಲವಂತೆ. "ಮೂವತ್ತೆರಡು ವರ್ಷ ಸೇವೆ ಮಾಡಿದವನು ನಾನು. ಬದುಕಿದ್ದೇನೆ ಎಂದು ವರ್ಷಕ್ಕೊಮ್ಮೆ ಸಾಲಿನಲ್ಲಿ ನಿಂತು ತೋರಿಸಬೇಕೇ? ನನ್ನ ಹಣ ನನಗೆ ಕೊಡಲು ಇಷ್ಟೊಂದು ಅವಮಾನವೇ?"

"ಅರ್ಧ ನಿಂಬೆಹಣ್ಣು ತೆಗೆದುಕೊಂಡು ಹೋಗಿ, ಚೆನ್ನಾಗಿ ಉಜ್ಜಿ ಒತ್ತಿ" ಎಂದೆ.